ಮಗಳ ತಲೆಯ ಹುಟ್ಟುಮಚ್ಚೆ ಈಗ ಯಾಕೆ ಒರಟಾಗುತ್ತಿದೆ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ 11 ವರ್ಷ. ಹುಟ್ಟಿದಾಗಿನಿಂದ ಅವಳ ತಲೆಯ ಬಲಭಾಗದಲ್ಲಿ, ಕಿವಿಯಿಂದ ನಾಲ್ಕು ಬೆರಳು ಮೇಲೆ, ಎರಡು ಹುಣಸೆ ಬೀಜ ಒತ್ತಿಟ್ಟಷ್ಟು ಜಾಗದಲ್ಲಿ ಕೂದಲಿಲ್ಲ. ಹುಲಿಗಿಯಲ್ಲಿ ಜವಳ ತೆಗೆಸಿದ ದಿನ ಅದು ಎಲ್ಲರ ಕಣ್ಣಿಗೆ ಬಿತ್ತು. ಆಗ ನುಣ್ಣಗೆ, ತಿಳಿಹಳದಿ ಇತ್ತು. ಐದಾರು ತಿಂಗಳಿಂದ ದಪ್ಪಗಾಗಿ ಒರಟಾಗಿದೆ, ಒಮ್ಮೊಮ್ಮೆ ತುರಿಸುತ್ತದೆ ಎನ್ನುತ್ತಾಳೆ. ಒಬ್ಬ ಡಾಕ್ಟರು ಚೀಟಿಯಲ್ಲಿ 'ಸೆಬೇಶಿಯಸ್ ನೀವಸ್' ಎಂದು ಬರೆದು, ಮುಂದೆ ಕ್ಯಾನ್ಸರ್ ಆಗಬಹುದು, ಬೇಗ ತೆಗೆಸಿಬಿಡಿ ಎಂದರು. ಇನ್ನೊಬ್ಬರು ಮುಟ್ಟಲೇಬೇಡಿ ಎಂದರು. ನಮ್ಮ ಅತ್ತೆಯವರು 'ಗ್ರಹಣದಾಗ ಈಳಿಗಿ ಹಿಡಿಬ್ಯಾಡ ಅಂದ್ರ ಕೇಳಲಿಲ್ಲ, ಅದಕ್ಕ ಹಿಂಗಾತು' ಎಂದು ಇವತ್ತಿಗೂ ಅನ್ನುತ್ತಾರೆ. ಯಾರ ಮಾತು ಕೇಳಲಿ? ಇದು ಅವಳ ತಮ್ಮನಿಗೆ ಅಂಟುತ್ತದೆಯೇ? ನಾಳೆ ಅವಳಿಗೆ ಹುಟ್ಟುವ ಮಕ್ಕಳಿಗೂ ಬರುತ್ತದೆಯೇ? ಮಗಳು ಮಾತ್ರ ಒಂದೇ ಮಾತು ಕೇಳುತ್ತಾಳೆ: 'ಅವ್ವಾ, ಇಲ್ಲಿ ಕೂದಲಾ ಯಾವಾಗ ಬರ್ತಾವ?'

ಉತ್ತರ: ನಿಮ್ಮ ಮಗಳ ಮಚ್ಚೆ ಈ ವಯಸ್ಸಿನಲ್ಲಿ ಒರಟಾಗಿರುವುದು ಕ್ಯಾನ್ಸರ್‌ನಿಂದಲ್ಲ. ಅವಳು ದೊಡ್ಡವಳಾಗುತ್ತಿದ್ದಾಳೆ, ಅವಳ ಜೊತೆ ಮಚ್ಚೆಯೂ ಬೆಳೆಯುತ್ತಿದೆ, ಅಷ್ಟೆ. ಇವತ್ತು ರಾತ್ರಿ ನಿಶ್ಚಿಂತೆಯಿಂದ ಮಲಗಿ. ನಾನು ಮಗುವನ್ನು ಕಣ್ಣಾರೆ ನೋಡಿಲ್ಲ, ಆದ್ದರಿಂದ ಒಮ್ಮೆ ಚರ್ಮರೋಗ ತಜ್ಞರಿಗೆ ತೋರಿಸಲೇಬೇಕು. ಆದರೆ ನೀವು ಬರೆದಿರುವ ಒಂದೊಂದು ವಿವರವೂ, ಹುಟ್ಟಿನಿಂದಲೇ ಇರುವುದು, ಕೂದಲಿಲ್ಲದಿರುವುದು, ಮೊದಲು ನುಣುಪು, ಈಗ ಒರಟು, ಈ ಮಚ್ಚೆಯ ಜಾತಕಕ್ಕೆ ಸರಿಯಾಗಿ ಹೊಂದುತ್ತದೆ.

ಹೆಸರು ಹೆದರಿಸುವಂತಿದ್ದರೂ ಅರ್ಥ ಸರಳ. ನೀವಸ್ ಎಂದರೆ ಹುಟ್ಟುಮಚ್ಚೆ. ಸೆಬೇಶಿಯಸ್ ಎಂದರೆ ಚರ್ಮದ ಎಣ್ಣೆಗ್ರಂಥಿಗೆ ಸೇರಿದ್ದು. ಅಂಗೈ, ಅಂಗಾಲು ಬಿಟ್ಟರೆ ನಮ್ಮ ಮೈಯ ಚರ್ಮದಲ್ಲೆಲ್ಲ ಈ ಗ್ರಂಥಿಗಳಿವೆ. ಮುಖದಲ್ಲೂ ತಲೆಯಲ್ಲೂ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ 400ರಿಂದ 900ರವರೆಗೆ ಇರುತ್ತವೆ. ಪ್ರತಿ ಕೂದಲಿನ ಬುಡಕ್ಕೂ ಒಂದೊಂದು ಎಣ್ಣೆಯ ಸಣ್ಣ ಚೀಲ ತಗಲಿಕೊಂಡಿದೆ ಎಂದುಕೊಳ್ಳಿ. ಸಾಮಾನ್ಯ ಚರ್ಮದಲ್ಲಿ ಕೂದಲು ದೊಡ್ಡದು, ಚೀಲ ಚಿಕ್ಕದು. ಈ ಮಚ್ಚೆಯ ಜಾಗದಲ್ಲಿ ಲೆಕ್ಕ ತಿರುವುಮುರುವು: ಎಣ್ಣೆಯ ಚೀಲಗಳು ಹೆಚ್ಚು, ದೊಡ್ಡವು, ಚರ್ಮದ ಮೇಲ್ಪದರಕ್ಕೆ ಹತ್ತಿರ ಬಂದು ಕುಳಿತಿರುತ್ತವೆ. ಕೂದಲ ಬುಡಗಳು ಮಾತ್ರ ಅರ್ಧಕ್ಕೇ ನಿಂತುಹೋಗಿರುತ್ತವೆ. ಹಳದಿ ಬಣ್ಣ ಬರುವುದು ಆ ಎಣ್ಣೆಯಿಂದ. ನಮ್ಮ ಕಡೆಯ ಗೋಧಿ ಬಣ್ಣದ, ಎಣ್ಣೆಗಪ್ಪು ಬಣ್ಣದ ಮಕ್ಕಳಲ್ಲಿ ಈ ಹಳದಿ ಅಷ್ಟು ಎದ್ದು ಕಾಣುವುದಿಲ್ಲ. ಕೆಲವರಲ್ಲಿ ತಿಳಿಗಂದು, ಕೆಲವರಲ್ಲಿ ನಸುಗೆಂಪು. ಜರ್ಮನಿಯ ಚರ್ಮರೋಗ ತಜ್ಞ ಜೋಸೆಫ್ ಯಾಡಸ್ಸೋನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಪುಸ್ತಕಗಳಲ್ಲಿ ಅವರ ಹೆಸರೂ ಸೇರಿಕೊಂಡಿದೆ. ಹುಟ್ಟುವ 1000 ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಇದು ಇರುತ್ತದೆ. ಅಪರೂಪವೇ. ಆದರೆ ನಿಮ್ಮ ಮಗಳು ಒಬ್ಬಳೇ ಅಲ್ಲ. ದೊಡ್ಡ ಶಾಲೆಯೊಂದರಲ್ಲಿ ಇಂಥ ಒಂದೆರಡು ತಲೆ ಸಿಕ್ಕರೆ ಆಶ್ಚರ್ಯವಿಲ್ಲ, ಜಡೆಯ ಕೆಳಗೆ ಯಾರಿಗೂ ಕಾಣದೆ ಇರುತ್ತವೆ.

ಇನ್ನು ಈಗಲೇ ಯಾಕೆ ಒರಟಾಯಿತು ಎಂಬುದು. ಮಗು ಹೊಟ್ಟೆಯಲ್ಲಿದ್ದಾಗ ತಾಯಿಯ ಹಾರ್ಮೋನುಗಳು ಅದರ ಎಣ್ಣೆಗ್ರಂಥಿಗಳನ್ನು ಎಬ್ಬಿಸಿರುತ್ತವೆ. ಹೆರಿಗೆಯಾದ ಕೂಡಲೇ ಕೂಸಿನ ಮೈಮೇಲೆ ಬೆಣ್ಣೆ ಸವರಿದಂಥ ಬಿಳಿ ಜಿಡ್ಡು ನೋಡಿರುತ್ತೀರಲ್ಲ, ಅದರಲ್ಲಿರುವ ಎಣ್ಣೆಯ ಅಂಶದಲ್ಲಿ ಬಹುಪಾಲು ಈ ಗ್ರಂಥಿಗಳ ಕೆಲಸ. ಹಾಗಾಗಿ ಹುಟ್ಟಿದ ಹೊಸತರಲ್ಲಿ ಮಚ್ಚೆ ಸ್ವಲ್ಪ ಉಬ್ಬಿರಬಹುದು. ಕೆಲವು ತಿಂಗಳಲ್ಲಿ ತಾಯಿಯ ಹಾರ್ಮೋನು ಇಳಿದು ಹೋಗುತ್ತದೆ, ಗ್ರಂಥಿಗಳು ಮಲಗುತ್ತವೆ, ಮಚ್ಚೆ ಚಪ್ಪಟೆಯಾಗುತ್ತದೆ. ನೀವು ಜವಳದ ದಿನ ಕಂಡದ್ದು ಆ ಮಲಗಿದ ಮಚ್ಚೆಯನ್ನು. ಮುಂದೆ ಆರರಿಂದ ಒಂಬತ್ತು ವರ್ಷದೊಳಗೆ ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳು ಮಗುವಿನದೇ ಹಾರ್ಮೋನನ್ನು ಸುರಿಸಲು ಶುರುಮಾಡುತ್ತವೆ. ಹುಡುಗಿ ಮೈನೆರೆಯುವುದಕ್ಕೆ ಕೆಲವು ವರ್ಷ ಮೊದಲೇ ಈ ಕೆಲಸ ಶುರುವಾಗಿರುತ್ತದೆ. ಮಗಳ ಮೂಗಿನ ಪಕ್ಕ, ಹಣೆಯ ಮೇಲೆ ಸಣ್ಣ ಸಣ್ಣ ಮೊಡವೆ ಕಾಣಿಸಿಕೊಂಡಿವೆಯೇ? ಬಗಲಲ್ಲಿ ಬೆವರಿನ ವಾಸನೆ ಬದಲಾಗಿದೆಯೇ? ತಲೆ ಬೇಗ ಜಿಡ್ಡಾಗುತ್ತದೆಯೇ? ಹೌದು ಎಂದಾದರೆ, ಮಚ್ಚೆ ಒರಟಾಗಲು ಕಾರಣ ನಿಮ್ಮ ಕೈಗೇ ಸಿಕ್ಕಿತು. ಇಡೀ ಮುಖದ ಎಣ್ಣೆಗ್ರಂಥಿಗಳನ್ನು ಎಬ್ಬಿಸಿದ ಹಾರ್ಮೋನೇ ಮಚ್ಚೆಯ ದೊಡ್ಡ ಗ್ರಂಥಿಗಳನ್ನೂ ಎಬ್ಬಿಸಿದೆ. ಆಗ ಅದರ ಮೈ ಸಜ್ಜೆ ತೆನೆಯ ಮೇಲೆ ಬೆರಳಾಡಿಸಿದ ಹಾಗೆ, ಕಾಳು ಕಾಳಾಗಿ ಸಿಗುತ್ತದೆ. ಚರ್ಮಶಾಸ್ತ್ರದಲ್ಲಿ ಈ ಮೂರು ಹಂತಗಳನ್ನು, ಅಂದರೆ ಎಳವೆಯ ಚಪ್ಪಟೆ ಹಂತ, ಹರೆಯದ ಒರಟು ಹಂತ, ನಡುವಯಸ್ಸಿನ ನಂತರ ಕೆಲವರಲ್ಲಿ ಮಾತ್ರ ಗಂಟು ಕಾಣುವ ಹಂತ, 1965ರಲ್ಲೇ ಗುರುತಿಸಿ ಬರೆದಿಟ್ಟಿದ್ದಾರೆ. ನಿಮ್ಮ ಮಗಳು ಎರಡನೆಯದಕ್ಕೆ ಕಾಲಿಟ್ಟಿದ್ದಾಳೆ.

ಕ್ಯಾನ್ಸರ್ ಮಾತು ಎಲ್ಲಿಂದ ಬಂತು? ಅದು ಆ ಡಾಕ್ಟರು ಹುಟ್ಟಿಸಿದ ಮಾತಲ್ಲ. ಹಳೆಯ ಪಠ್ಯಪುಸ್ತಕಗಳಲ್ಲಿ ಈ ಮಚ್ಚೆ ಇರುವ 100 ಜನರಲ್ಲಿ 10ರಿಂದ 15 ಮಂದಿಗೆ ಬೇಸಲ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಬರುತ್ತದೆ ಎಂದಿತ್ತು. ಅದನ್ನು ಓದಿದವರು ಹುಟ್ಟಿದ ಕೂಸಿಗೂ ಆಪರೇಷನ್ ಹೇಳುತ್ತಿದ್ದರು. ಆಮೇಲೆ ಹಳೆಯ ಗಾಜಿನ ಸ್ಲೈಡುಗಳನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಕ್ಯಾನ್ಸರ್ ಎಂದು ಬರೆದಿದ್ದರಲ್ಲಿ ಹೆಚ್ಚಿನವು ಟ್ರೈಕೋಬ್ಲಾಸ್ಟೋಮಾ ಎಂಬ ನಿರುಪದ್ರವಿ ಗಂಟುಗಳು ಎಂದು ತಿಳಿಯಿತು. ಕೂದಲ ಬುಡದ ಜೀವಕೋಶಗಳಿಂದ ಹುಟ್ಟುವ ಗಂಟು ಅದು. ನೋಡಲು ಕ್ಯಾನ್ಸರಿನ ಅಣ್ಣತಮ್ಮನ ಹಾಗೆ, ಗುಣ ಮಾತ್ರ ಬೇರೆ. 2000ನೇ ಇಸವಿಯಲ್ಲಿ ಫ್ರಾನ್ಸಿನ ವೈದ್ಯರು ಇಂಥ 596 ಮಚ್ಚೆಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ ನಿಜವಾದ ಬೇಸಲ್ ಸೆಲ್ ಕಾರ್ಸಿನೋಮಾ ಕಂಡದ್ದು ಶೇ 0.8ರಲ್ಲಿ ಮಾತ್ರ. 100ಕ್ಕೆ ಒಂದಕ್ಕಿಂತ ಕಡಿಮೆ. ಅದೂ ದೊಡ್ಡವರಲ್ಲಿ. ಮಕ್ಕಳಲ್ಲಿ ಅತ್ಯಂತ ವಿರಳ. ಆ ಕ್ಯಾನ್ಸರ್ ಕೂಡ ಬಹಳ ನಿಧಾನವಾಗಿ ಬೆಳೆಯುವ, ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪವಾದ, ಕತ್ತರಿಸಿ ತೆಗೆದರೆ ವಾಸಿಯಾಗುವ ಜಾತಿಯದು.

ಆದ್ದರಿಂದ ನಿಮ್ಮ ಇಬ್ಬರು ಡಾಕ್ಟರುಗಳಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೊದಲನೆಯವರು ಹಳೆಯ ಲೆಕ್ಕ ಹಿಡಿದು ಅವಸರ ಮಾಡಿದರು. ಎರಡನೆಯವರು ಹೊಸ ಲೆಕ್ಕ ತಿಳಿದವರು, ಆದರೆ ಏನನ್ನು ಗಮನಿಸುತ್ತಿರಬೇಕು ಎಂದು ಹೇಳದೆ ಕಳಿಸಿದರು. ಎರಡನೆಯದೂ ನನಗೆ ಸರಿ ಕಾಣುವುದಿಲ್ಲ. ತಾಯಿಯನ್ನು ಬರಿಗೈಯಲ್ಲಿ ಕಳಿಸಿದರೆ ಆಕೆ ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕುತ್ತಾಳೆ, ಅಲ್ಲಿ ಸಿಗುವ ಚಿತ್ರಗಳು ಆಕೆಯ ನಿದ್ದೆ ಕೆಡಿಸುತ್ತವೆ.

ಗಮನಿಸಬೇಕಾದ್ದು ಇಷ್ಟು. ಮಚ್ಚೆ ಪೂರ್ತಿ ಒಂದೇ ಸಮ ದಪ್ಪಗಾದರೆ ಅದು ಹಾರ್ಮೋನಿನ ಕೆಲಸ, ಇರಲಿ ಬಿಡಿ. ಅದರ ಮೇಲೆ ಒಂದೇ ಒಂದು ಕಡೆ ಹೊಸ ಗಂಟು ಎದ್ದು ವಾರದಿಂದ ವಾರಕ್ಕೆ ದೊಡ್ಡದಾದರೆ, ಕಪ್ಪು ಚುಕ್ಕೆ ಹುಟ್ಟಿ ಹಿಗ್ಗಿದರೆ, ಬಾಚಣಿಗೆ ತಾಗದಿದ್ದರೂ ರಕ್ತ ಬಂದರೆ, ಒಂದು ತಿಂಗಳಾದರೂ ಮಾಯದ ಹುಣ್ಣಾದರೆ, ಯಾವಾಗಲೂ ಒದ್ದೆ ಒದ್ದೆ ಇದ್ದರೆ, ಆಗ ತಡ ಮಾಡದೆ ತೋರಿಸಿ. ಹಾಗೆ ಕಂಡದ್ದೆಲ್ಲ ಕ್ಯಾನ್ಸರ್ ಎಂದು ಅರ್ಥವಲ್ಲ. ನನ್ನ ಹತ್ತಿರ ಬಂದಿದ್ದ ಒಬ್ಬ ರೈತರು, ವಯಸ್ಸು ಐವತ್ತರ ಆಸುಪಾಸು, ತಲೆಗೆ ಸುತ್ತಿದ ರುಮಾಲು ಬಿಚ್ಚುವುದಕ್ಕೇ ಹಿಂಜರಿದರು. ಬಿಚ್ಚಿದಾಗ ಒಳಮಡಿಕೆಯಲ್ಲಿ ಕಂದು ಕಲೆ ಗಟ್ಟಿಯಾಗಿತ್ತು. ಹುಟ್ಟುಮಚ್ಚೆಯ ಮಧ್ಯದಲ್ಲಿ ಕಡಲೆಕಾಳಿನಷ್ಟು ಕೆಂಪು ಗಂಟು ಎದ್ದು ಎರಡು ವರ್ಷದಿಂದ ಒಸರುತ್ತಿತ್ತು. ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ, 'ಕ್ಯಾನ್ಸರ್ ಅಂದ್ರ ಹೊಲಾ ಮಾರಬೇಕಾಗ್ತದ' ಎಂಬ ಹೆದರಿಕೆ. ತೆಗೆದು ಬಯಾಪ್ಸಿಗೆ ಕಳಿಸಿದೆವು. ಬೆವರಿನ ನಾಳದ ಜಾತಿಗೆ ಸೇರಿದ ನಿರುಪದ್ರವಿ ಗಂಟು, ಸಿರಿಂಗೋಸಿಸ್ಟಡಿನೋಮಾ ಪ್ಯಾಪಿಲಿಫೆರಮ್ ಎಂದು ಅದರ ಹೆಸರು. ಈ ಮಚ್ಚೆಯ ಮೇಲೆ ಅದು ಬರುವುದು ಸಾಮಾನ್ಯ. ಎರಡು ವರ್ಷ ಆ ಮನುಷ್ಯ ರುಮಾಲಿನ ಕೆಳಗೆ ಹೊತ್ತುಕೊಂಡು ತಿರುಗಿದ್ದು ಗಂಟನ್ನಲ್ಲ, ಭಯವನ್ನು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಗ್ರಹಣದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ತಾಗಿದ ಸಾಲು ಅದು. ಹನ್ನೊಂದು ವರ್ಷ ಒಬ್ಬ ತಾಯಿ ಈ ಮಾತನ್ನು ಕೇಳಿಸಿಕೊಂಡಿದ್ದಾಳೆ. ಈಳಿಗೆಗೂ ಈ ಮಚ್ಚೆಗೂ ಸಂಬಂಧವಿಲ್ಲ, ಇದನ್ನು ನಾನು ಪೂರ್ತಿ ಖಾತ್ರಿಯಿಂದ ಹೇಳುತ್ತೇನೆ. ಯಾಕೆಂದರೆ ಕಾರಣ ಏನೆಂದು ಈಗ ಗೊತ್ತಿದೆ. 2012ರಲ್ಲಿ ಜರ್ಮನಿಯ ಸಂಶೋಧಕರು ಇಂಥ 65 ಮಚ್ಚೆಗಳ ವಂಶವಾಹಿಯನ್ನು ಓದಿ ನೋಡಿದರು. ಅವುಗಳಲ್ಲಿ ಶೇ 95ರಲ್ಲಿ ಎಚ್‌ರಾಸ್ ಎಂಬ ಜೀನಿನ, ಅಂದರೆ ವಂಶವಾಹಿಯ, ಬರಹದಲ್ಲಿ ಒಂದು ಅಕ್ಷರ ಬದಲಾಗಿತ್ತು. ಉಳಿದ ಕೆಲವಲ್ಲಿ ಅದರ ಜೊತೆಗಾರ ಕೆರಾಸ್ ಜೀನಿನಲ್ಲಿ. ಮಚ್ಚೆಯ ಪಕ್ಕದ ಒಳ್ಳೆಯ ಚರ್ಮದಲ್ಲಿ ಆ ಬದಲಾವಣೆ ಇರಲಿಲ್ಲ.

ಇದನ್ನು ಮನೆಯ ಕೌದಿಯ ಹಾಗೆ ತಿಳಿಯಿರಿ. ನಿಮ್ಮ ಅತ್ತೆಯವರೇ ಹಳೆ ಸೀರೆ, ಹಳೆ ಧೋತರ ಕೂಡಿಸಿ ಕೌದಿ ಹೊಲಿದಿರಬಹುದು. ಇಡೀ ಕೌದಿ ಒಂದೇ, ಹೊದ್ದರೆ ಒಂದೇ ಬೆಚ್ಚಗೆ. ಆದರೆ ಒಂದು ಮೂಲೆಯ ತುಣುಕು ಬೇರೆ ಬಟ್ಟೆಯದು. ಮಗು ಹೊಟ್ಟೆಯಲ್ಲಿ ರೂಪುಗೊಳ್ಳುತ್ತಿರುವಾಗ ಒಂದು ಜೀವಕೋಶ ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಹೀಗೆ ಕೋಟಿಗಟ್ಟಲೆ ಸಲ ನಕಲು ನಡೆಯುವಾಗ ಒಂದು ಕೋಶದಲ್ಲಿ ಒಂದು ಅಕ್ಷರ ತಪ್ಪಿತು. ಆ ಕೋಶದ ಮರಿಗಳೆಲ್ಲ ಸೇರಿ ತಲೆಯ ಬಲಭಾಗದ ಆ ತುಣುಕಾಯಿತು. ಇದು ನಡೆಯುವುದು ಬಸಿರಿನ ತೀರಾ ಆರಂಭದ ದಿನಗಳಲ್ಲಿ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದು ಖಾತ್ರಿಯಾಗುವ ಹೊತ್ತಿಗೆಲ್ಲ ಆಗಿಹೋಗಿರುವ ಕೆಲಸ. ನೀವು ಏನು ತಿಂದಿರಿ, ಏನು ಹಿಡಿದಿರಿ, ಎಲ್ಲಿ ಕುಳಿತಿರಿ ಎಂಬುದರಿಂದ ಅದು ಆಗುವುದೂ ಇಲ್ಲ, ತಪ್ಪುವುದೂ ಇಲ್ಲ. ಗ್ರಹಣದ ದಿನ ಕೈಕಟ್ಟಿ ಕತ್ತಲ ಕೋಣೆಯಲ್ಲಿ ಕುಳಿತ ತಾಯಂದಿರ ಮಕ್ಕಳಲ್ಲೂ ನಾನು ಇದೇ ಮಚ್ಚೆ ನೋಡಿದ್ದೇನೆ. ನಿಮ್ಮ ಅತ್ತೆಯವರ ಮೇಲೆ ಸಿಟ್ಟು ಬೇಡ. ಅವರಿಗೆ ಯಾರೂ ಬೇರೆ ಕಾರಣ ಹೇಳಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ಮನೆಯ ಹಿರಿಯರಿಗೆ ಸೊಸೆ ಹೇಳುವುದಕ್ಕೂ ಡಾಕ್ಟರು ಕುರ್ಚಿ ಕೊಟ್ಟು ಕೂರಿಸಿ ಹೇಳುವುದಕ್ಕೂ ವ್ಯತ್ಯಾಸವಿದೆ.

ಕೌದಿಯ ಮಾತಿನಲ್ಲೇ ನಿಮ್ಮ ಇನ್ನೆರಡು ಪ್ರಶ್ನೆಗಳಿಗೂ ಉತ್ತರವಿದೆ. ತಪ್ಪಿದ ಅಕ್ಷರ ಇರುವುದು ಆ ತುಣುಕಿನಲ್ಲಿ, ಅಂಡಾಶಯದಲ್ಲಲ್ಲ. ಆದ್ದರಿಂದ ನಾಳೆ ಅವಳ ಮಕ್ಕಳಿಗೆ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ತಮ್ಮನಿಗೆ ಅಂಟುವ ಪ್ರಶ್ನೆಯೇ ಇಲ್ಲ. ಒಂದೇ ಬಾಚಣಿಗೆ, ಒಂದೇ ದಿಂಬು, ಒಂದೇ ಟವೆಲ್, ಏನೂ ಆಗದು. ಇದರಲ್ಲಿ ಹುಳವಿಲ್ಲ, ಬೂಷ್ಟಿಲ್ಲ.

ಹುಳದ ಮಾತು ಯಾಕೆ ತೆಗೆದೆ ಎಂದರೆ, ನಮ್ಮ ಭಾಗದಲ್ಲಿ ತಲೆಯಲ್ಲಿ ಎಲ್ಲಿ ಕೂದಲಿಲ್ಲದಿದ್ದರೂ 'ಹುಳಾ ತಿಂದಾವ' ಎನ್ನುವುದು ರೂಢಿ. ಹಾಗೆಂದು ಉಳ್ಳಾಗಡ್ಡಿ ತಿಕ್ಕುತ್ತಾರೆ, ಬೆಳ್ಳುಳ್ಳಿ ಜಜ್ಜಿ ಕಟ್ಟುತ್ತಾರೆ, ಸುಣ್ಣ ಹಚ್ಚುತ್ತಾರೆ, ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜದ ಎಣ್ಣೆಯನ್ನೂ ಹಚ್ಚುತ್ತಾರೆ. ಕೇರುಬೀಜದ ಎಣ್ಣೆ ಚರ್ಮವನ್ನು ಬೆಂಕಿ ತಗುಲಿದಂತೆ ಸುಡುತ್ತದೆ, ಗುಳ್ಳೆ ಎದ್ದು ಕೀವಾಗುತ್ತದೆ. ಚುಟಿಗಿ ಹಾಕಿಸಿದ ಮಗುವನ್ನೂ ನೋಡಿದ್ದೇನೆ. ಮಚ್ಚೆ ಹಾಗೇ ಇತ್ತು, ಅದರ ಮೇಲೆ ಸುಟ್ಟ ಕಲೆ ಹೊಸದಾಗಿ ಸೇರಿತ್ತು. ಇದೊಂದು ವಿಷಯದಲ್ಲಿ ಕೈಮುಗಿದು ಕೇಳುತ್ತೇನೆ, ಇವು ಯಾವುವೂ ಬೇಡ. ಮಚ್ಚೆಯ ಬೇರು ಚರ್ಮದ ಪೂರ್ತಿ ದಪ್ಪಕ್ಕೆ ಇಳಿದಿರುತ್ತದೆ, ಮೇಲಿಂದ ಹಚ್ಚಿದ ಯಾವುದೂ ಅಲ್ಲಿಗೆ ಮುಟ್ಟುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆಸಿದ ಟ್ಯೂಬುಗಳೂ ಅಷ್ಟೇ, ಚರ್ಮ ತೆಳುವಾಗುತ್ತದೆ, ಮಚ್ಚೆ ಹೋಗುವುದಿಲ್ಲ.

ಹೋಲುವ ಬೇರೆ ತೊಂದರೆಗಳೂ ಇವೆ. ನಿಜವಾದ ಬೂಷ್ಟಿನ ಗಜಕರ್ಣದಲ್ಲಿ ಹೊಟ್ಟು ಉದುರುತ್ತದೆ, ಕೂದಲು ಮುರಿದು ಮೋಟು ಉಳಿಯುತ್ತದೆ, ಒಂದು ದಿನ ಶುರುವಾಗುತ್ತದೆಯೇ ಹೊರತು ಹುಟ್ಟಿನಿಂದ ಇರುವುದಿಲ್ಲ. ದುಂಡಗೆ ಕೂದಲುದುರುವ ಅಲೋಪೇಶಿಯಾ ಏರಿಯಾಟಾದಲ್ಲಿ ಚರ್ಮ ನುಣ್ಣಗೆ, ಮಾಮೂಲಿ ಬಣ್ಣದಲ್ಲೇ ಇರುತ್ತದೆ. ಹುಟ್ಟುವಾಗಲೇ ಚರ್ಮದ ಒಂದು ತುಂಡು ಕೂಡದೆ ಹೋಗುವ ಸ್ಥಿತಿಯೊಂದಿದೆ, ಅಲ್ಲಿ ಚರ್ಮ ಹಾಳೆಯಂತೆ ತೆಳುವಾಗಿ ಹೊಳೆಯುತ್ತದೆ. ಡರ್ಮೋಸ್ಕೋಪ್ ಎಂಬ ಕೈಮಸೂರದಲ್ಲಿ ನೋಡಿದರೆ ಸೆಬೇಶಿಯಸ್ ನೀವಸ್‌ನಲ್ಲಿ ಕೂದಲಿಗೆ ಸಂಬಂಧವಿಲ್ಲದ ಹಳದಿ ಚುಕ್ಕೆಗಳು ಕಾಣುತ್ತವೆ. ಬಹುಪಾಲು ಮಕ್ಕಳಲ್ಲಿ ಇಷ್ಟರಿಂದಲೇ ಗೊತ್ತಾಗುತ್ತದೆ, ಚುಚ್ಚುವ ಪರೀಕ್ಷೆ ಬೇಕಾಗುವುದಿಲ್ಲ.

ಒಂದು ವಿಷಯ ನಿಮ್ಮ ಮಗಳಿಗೆ ಸಂಬಂಧಿಸಿದ್ದಲ್ಲ, ಆದರೂ ಓದುವ ಬೇರೆ ತಾಯಂದಿರಿಗಾಗಿ ಬರೆಯಬೇಕು. ಈ ಮಚ್ಚೆ ಅಂಗೈ ಅಗಲಕ್ಕೆ ಇದ್ದರೆ, ಅಥವಾ ಹಣೆಯ ನಡುವಿನಿಂದ ಮೂಗಿನ ಮೇಲೆ ಪಟ್ಟಿಯ ಹಾಗೆ ಇಳಿದಿದ್ದರೆ, ತಪ್ಪಿದ ಅಕ್ಷರ ಚರ್ಮಕ್ಕಷ್ಟೇ ನಿಲ್ಲದೆ ಮೆದುಳು, ಕಣ್ಣು, ಮೂಳೆಗಳ ಕೋಶಗಳಲ್ಲೂ ಇರಬಹುದು. ಅಂಥ ಮಗುವಿಗೆ ಫಿಟ್ಸ್ ಬರುತ್ತವೆಯೇ, ಮಾತು ನಡೆ ತಡವಾಗಿದೆಯೇ, ಕಣ್ಣುಗುಡ್ಡೆಯ ಮೇಲೆ ಗಂಟಿದೆಯೇ ನೋಡಬೇಕು. 1957ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯರ ಹೆಸರಿನಲ್ಲಿ ಶಿಮ್ಮೆಲ್‌ಪೆನ್ನಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಇಂಥ ಕೆಲವು ಮಕ್ಕಳಲ್ಲಿ ರಕ್ತದ ಫಾಸ್ಫೇಟ್ ಇಳಿದು ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ರಾಯಚೂರು, ಕೊಪ್ಪಳದ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಾಗಾಗಿ ಕಾಲು ಸೊಟ್ಟಗಾದರೆ ಜನ ನೀರನ್ನೇ ದೂರಿ ಸುಮ್ಮನಾಗುತ್ತಾರೆ. ದೊಡ್ಡ ಮಚ್ಚೆ ಇರುವ ಮಗುವಿನಲ್ಲಿ ಹಾಗೆ ಸುಮ್ಮನಾಗಬಾರದು, ಒಂದು ರಕ್ತಪರೀಕ್ಷೆಯಿಂದ ತಿಳಿಯುವ ಸಂಗತಿ ಅದು. ನಿಮ್ಮ ಮಗಳದು ಚಿಕ್ಕ ಮಚ್ಚೆ, ಓದು ಆಟ ಎಲ್ಲ ಚೆನ್ನಾಗಿದ್ದರೆ ಇದರ ಯೋಚನೆ ಬೇಡ, ಸ್ಕ್ಯಾನ್ ಗೀನ್ ಮಾಡಿಸುವ ಅಗತ್ಯವೂ ಇಲ್ಲ.

ಈಗ ತೆಗೆಸಬೇಕೇ, ಬೇಡವೇ. ತೆಗೆಸಲೇಬೇಕೆಂಬ ಕಡ್ಡಾಯವಿಲ್ಲ. ಬಾಚಣಿಗೆ ಸಿಕ್ಕಿ ನೋಯುತ್ತಿದ್ದರೆ, ತುರಿಕೆ ಹಿಂಸೆಯಾದರೆ, ಅಥವಾ ಮಗಳಿಗೇ ಅದು ಬೇಡವಾಗಿದ್ದರೆ ತೆಗೆಸಬಹುದು. ಈ ಕೊನೆಯದು ಸಣ್ಣ ಕಾರಣವಲ್ಲ. ಜಡೆ ಹಾಕುವಾಗ ಗೆಳತಿಯರು ಕೇಳುವುದು, ಅವಳು ತಲೆ ತಗ್ಗಿಸುವುದು, ಇದೆಲ್ಲ ಹನ್ನೊಂದರ ಹುಡುಗಿಗೆ ದೊಡ್ಡ ನೋವು. ಆದರೆ ನಿರ್ಧಾರದಲ್ಲಿ ಅವಳ ಮಾತಿಗೆ ಜಾಗವಿರಲಿ. 'ನಾಳೆ ಗಂಡಿನ ಕಡೆಯವರು ನೋಡಿದರೆ' ಎಂಬ ಕಾರಣಕ್ಕೆ ಈಗಲೇ ಮಗುವನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸುವುದನ್ನು ನಾನು ಒಪ್ಪುವುದಿಲ್ಲ.

ವಯಸ್ಸಿನ ಲೆಕ್ಕದಲ್ಲಿ ನೀವು ಒಳ್ಳೆಯ ಸಮಯದಲ್ಲೇ ಇದ್ದೀರಿ. ತೀರಾ ಎಳೆಯ ಮಗುವಾದರೆ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ದೀರ್ಘ ಹೊತ್ತು ಅಥವಾ ಪದೇ ಪದೇ ಅರಿವಳಿಕೆ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ನೀಡಿದ ಮೇಲಂತೂ, ಅಗತ್ಯವಿಲ್ಲದ ಆಪರೇಷನ್‌ಗಳನ್ನು ಮುಂದೂಡುವುದೇ ಜಾಣತನ ಎಂದು ವೈದ್ಯರು ಭಾವಿಸುತ್ತಾರೆ. 11, 12, 13ರ ಮಗು ಧೈರ್ಯ ಮಾಡಿದರೆ ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಸಾಕು. ಎರಡು ಹುಣಸೆ ಬೀಜದಷ್ಟು ಮಚ್ಚೆಯನ್ನು ಎಲೆಯಾಕಾರದಲ್ಲಿ, ಚರ್ಮದ ಪೂರ್ತಿ ದಪ್ಪಕ್ಕೆ ಕತ್ತರಿಸಿ, ಎರಡೂ ಅಂಚು ಎಳೆದು ಹೊಲಿಯುತ್ತಾರೆ. ತಲೆಯ ಚರ್ಮದಲ್ಲಿ ರಕ್ತನಾಳ ಹೆಚ್ಚು, ಆ ಹೊತ್ತಿಗೆ ರಕ್ತ ಜಾಸ್ತಿ ಕಂಡರೆ ಗಾಬರಿ ಬೇಡ, ಅದೇ ಕಾರಣಕ್ಕೆ ಗಾಯವೂ ಬೇಗ ಕೂಡುತ್ತದೆ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 7ರಿಂದ 10 ದಿನಕ್ಕೆ. ಮಚ್ಚೆ ದೊಡ್ಡದಾಗಿದ್ದರೆ ಒಂದೇ ಸಲಕ್ಕೆ ಅಂಚು ಕೂಡುವುದಿಲ್ಲ, ಕೆಲವು ತಿಂಗಳ ಅಂತರದಲ್ಲಿ ಎರಡು ಮೂರು ಹಂತಗಳಲ್ಲಿ ತೆಗೆಯಬೇಕಾಗುತ್ತದೆ. ತೆಗೆದ ತುಂಡನ್ನು ಬಯಾಪ್ಸಿಗೆ ಕಳಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ.

ಲೇಸರ್‌ನಲ್ಲಿ ಸುಟ್ಟುಬಿಡುತ್ತೇವೆ, ಮೇಲ್ಮೇಲೆ ಕೆರೆದು ತೆಗೆಯುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಬೇರು ಕೆಳಗೆ ಉಳಿದು ಮತ್ತೆ ಬೆಳೆಯುತ್ತದೆ, ಮೇಲೆ ಕಲೆಯಾದ್ದರಿಂದ ಮುಂದೆ ಗಮನಿಸುವುದೂ ಕಷ್ಟ.

ಬೇಸಿಗೆ ರಜೆಯಲ್ಲಿ ಮಾಡಿಸುತ್ತೇವೆ ಎನ್ನುವವರು ಬಹಳ. ಶಾಲೆಯ ಲೆಕ್ಕಕ್ಕೆ ಅದು ಸರಿ. ಆದರೆ ಏಪ್ರಿಲ್, ಮೇ ತಿಂಗಳ ನಮ್ಮ ರಾಯಚೂರು, ಬಳ್ಳಾರಿ ಬಿಸಿಲು ನಿಮಗೆ ಗೊತ್ತೇ ಇದೆ. ಬೆವರಿಗೆ ಬ್ಯಾಂಡೇಜು ನಿಲ್ಲುವುದಿಲ್ಲ, ಮಗು ಕೆರೆಯುತ್ತದೆ. ನನ್ನನ್ನು ಕೇಳಿದರೆ ದಸರಾ ರಜೆ ಅಥವಾ ಚಳಿಗಾಲ ಒಳ್ಳೆಯದು. ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈ ಮೂರರಲ್ಲಿ ನಿಮಗೆ ಬಸ್ಸು ಅನುಕೂಲವಿರುವ ಕಡೆ ಚರ್ಮರೋಗ ವಿಭಾಗದಲ್ಲಿ ಮೊದಲು ತೋರಿಸಿ, ಅಲ್ಲಿಂದ ಶಸ್ತ್ರಚಿಕಿತ್ಸೆಯವರ ಬಳಿ ಕಳಿಸುತ್ತಾರೆ. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಹಚ್ಚಿದ ತಲೆಯಲ್ಲಿ ಎಣ್ಣೆಗ್ರಂಥಿಯ ಮಚ್ಚೆಯನ್ನು ಓದುವುದು ನಮಗೆ ಕಷ್ಟ.

ಅಲ್ಲಿಯವರೆಗೆ ಮನೆಯಲ್ಲಿ ಹೆಚ್ಚೇನೂ ಬೇಕಿಲ್ಲ. ವಾರಕ್ಕೆರಡು ಸಲ ಸಾದಾ ಶಾಂಪೂವಿನಿಂದ ತಲೆ ತೊಳೆಯಲಿ, ಜಿಡ್ಡು ಬೆವರು ಕೂಡಿದ್ದರಿಂದಲೇ ತುರಿಕೆ ಹೆಚ್ಚುತ್ತದೆ. ಉಗುರು ಕತ್ತರಿಸಿರಲಿ. ಅಗಲ ಹಲ್ಲಿನ ಬಾಚಣಿಗೆ ತನ್ನಿ. ಬಿಸಿಲಿಗೆ ಹೋಗುವಾಗ ಟೋಪಿಯೋ ಸ್ಕಾರ್ಫೋ ಇರಲಿ, ಕೂದಲಿನ ನೆರಳಿಲ್ಲದ ಚರ್ಮ ಅದು. ಮೂರು ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ಕೂರಿಸಿ, ಮಚ್ಚೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ದಪ್ಪಗಾಯಿತೋ ಇಲ್ಲವೋ ಎಂದು ಮನೆಯಲ್ಲಿ ವಾದ ಮಾಡುವ ಬದಲು ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಸಾಕು. ಡಾಕ್ಟರಿಗೂ ಅದರಷ್ಟು ಉಪಯೋಗದ ವಸ್ತು ಬೇರೆ ಇಲ್ಲ.

ಇನ್ನು ಮಗಳ ಪ್ರಶ್ನೆ. ಅವಳಿಗೆ ನಿಜ ಹೇಳಿ. ಆ ಜಾಗದಲ್ಲಿ ಕೂದಲು ತಾನಾಗಿ ಬರುವುದಿಲ್ಲ, ಯಾವ ಎಣ್ಣೆಯಿಂದಲೂ ಬರುವುದಿಲ್ಲ. ನೀನು ಬೇಡವೆಂದರೆ ಅದು ಹಾಗೇ ಇರಲಿ, ಏನೂ ತೊಂದರೆಯಿಲ್ಲ ಎನ್ನಿ. ಬೇಕೆಂದರೆ ಡಾಕ್ಟರು ಆ ತುಣುಕನ್ನು ತೆಗೆದು ಹೊಲಿಯುತ್ತಾರೆ, ಬೈತಲೆಯಂಥ ಒಂದು ಗೆರೆ ಉಳಿಯುತ್ತದೆ, ಎರಡೂ ಬದಿಯ ಕೂದಲು ಬಂದು ಅದರ ಮೇಲೆ ಬೀಳುತ್ತದೆ ಎನ್ನಿ. ಗೆರೆ ಕಾಲಕ್ರಮೇಣ ಒಂಚೂರು ಅಗಲವಾಗಬಹುದು, ಅದನ್ನೂ ಮುಚ್ಚಿಡಬೇಡಿ. ಸದ್ಯಕ್ಕೆ ಬೈತಲೆಯನ್ನು ನಡುವಿನಿಂದ ಎಡಕ್ಕೆ ಎರಡು ಬೆರಳು ಸರಿಸಿ ಎರಡು ಜಡೆ ಹಾಕಿ ನೋಡಿ. ಎಡಗಡೆಯ ಕೂದಲು ಬಲಕ್ಕೆ ಹಾಯ್ದು ಮಚ್ಚೆಯನ್ನು ಮುಚ್ಚುತ್ತದೆ, ರಿಬ್ಬನ್ ಬಿಗಿಯಾಗಿ ಎಳೆಯದಿದ್ದರೆ ನೋವೂ ಇರುವುದಿಲ್ಲ. ಕನ್ನಡಿಯ ಮುಂದೆ ಕೂರಿಸಿ ಅವಳ ಕೈಯಿಂದಲೇ ಬೈತಲೆ ತೆಗೆಸಿ.